“42 ಗೇಜ್ ಪಿಕಪ್ ವೈರ್” ತಗೊಳ್ಳೋ ಮೊದಲು ಮಿಮೀ ಕೇಳಿ

ಬಾಸ್ ಗಿಟಾರ್‌ಗೆ ಮನೆಯಲ್ಲೇ ಪಿಕಪ್ (ತಂತಿಯ ಕಂಪನವನ್ನ ಸಿಗ್ನಲ್ ಮಾಡೋ ಕಾಯಿಲ್) ಸುತ್ತುವವರು ದಯವಿಟ್ಟು ಓದಿ. ಆನ್‌ಲೈನ್‌ನಲ್ಲಿ ಒಬ್ಬ “ಪಿಕಪ್ ವೈರ್, 42 ಗೇಜ್, ಪಾಲಿ ಕೋಟಿಂಗ್” ಅಂತ ಮಾರ್ತಿದ್ದಾನೆ. ಅದು ಪಿಕಪ್ ವೈರೇ ಅಲ್ಲ. ಮಡಿಕೇರಿಗೆ 250 ಗ್ರಾಂ ಸ್ಪೂಲ್ ತರಿಸಿ, ಜಾಝ್ ಬಾಸ್ (ಬಾಸ್ ಗಿಟಾರ್‌ನ ಒಂದು ಮಾದರಿ) ಬಾಬಿನ್‌ಗೆ ಸುತ್ತಿದ ಮೇಲೆ ಬಣ್ಣ ಬಯಲಾಯ್ತು.

ಗೇಜ್‌ನಲ್ಲಿ, ಅಂದ್ರೆ ವೈರ್ ದಪ್ಪದ ನಂಬರ್‌ನಲ್ಲಿ, ಎರಡು 42 ಇವೆ. ಪಿಕಪ್‌ಗೆ ಬೇಕಾದ್ದು ಎಡಬ್ಲ್ಯುಜಿ (ಅಮೆರಿಕನ್ ಗೇಜ್) 42, ತಾಮ್ರ 0.063 ಮಿಮೀ. ಇಲ್ಲಿ ತೋಟದ ಪಂಪ್‌ಸೆಟ್ ರಿವೈಂಡಿಂಗ್‌ನವರದ್ದು ಎಸ್‌ಡಬ್ಲ್ಯುಜಿ (ಬ್ರಿಟಿಷ್ ಗೇಜ್) ಲೆಕ್ಕ. ಅದರಲ್ಲಿ 42 ಅಂದ್ರೆ 0.10 ಮಿಮೀ. ಅದನ್ನೇ ಹೊಸ ಲೇಬಲ್ ಅಂಟಿಸಿ ಕಳಿಸಿದ್ದಾನೆ.

9000ದ ಆಸುಪಾಸು ಸುತ್ತು ಹಿಡಿಯಬೇಕಾದ ಬಾಬಿನ್, ಕೌಂಟರ್‌ನಲ್ಲಿ 3500 ಬರುವಷ್ಟರಲ್ಲೇ ತುಂಬಿ ಹೋಯ್ತು. ತುದಿಗೆ ಬೆಸುಗೆ ಹಿಡೀಲಿಲ್ಲ. ಅವನು ಹೇಳಿದ ಪಾಲಿ, ಅಂದ್ರೆ ಪಾಲಿಯುರೆಥೇನ್ ಕೋಟಿಂಗ್ ಆಗಿದ್ರೆ ಕಾದ ಐರನ್‌ಗೇ ಕರಗಬೇಕು, ಇದನ್ನ ಬ್ಲೇಡಲ್ಲಿ ಕೆರೆದು ತೆಗೀಬೇಕಾಯ್ತು. ಕೆರೆದು ಮಲ್ಟಿಮೀಟರ್ ಇಟ್ರೆ 1.1 ಕಿಲೋ ಓಮ್. ಏಳೂವರೆ ಬರಬೇಕಾದ ಕಡೆ ಒಂದು ಚಿಲ್ಲರೆ! ಪ್ರೋಬ್ ಒತ್ತಿ ಒತ್ತಿ ನೋಡಿದ್ರೂ ಅಷ್ಟೇ, 1.1. ಮೈಯೆಲ್ಲ ಉರಿದು ಹೋಯ್ತು.

ಮೆಸೇಜ್ ಹಾಕಿದ್ರೆ ಉತ್ತರ: “42 ಅಂದ್ರೆ 42 ಸರ್, ಲೇಬಲ್ ನೋಡಿ.” ಮೈಕ್ರೋಮೀಟರ್ 0.12 ತೋರಿಸ್ತಿರೋ ಫೋಟೋ ಕಳಿಸಿದೆ. “ಎನಾಮಲ್ ಸೇರಿ ಅಷ್ಟು ಬರುತ್ತೆ ಸರ್.” ಬರಲ್ಲ ಕಣಯ್ಯಾ, ಎಷ್ಟೇ ದಪ್ಪ ಕೋಟಿಂಗ್ ಇದ್ರೂ 0.08ರ ಹತ್ತಿರಕ್ಕೆ ನಿಲ್ಲುತ್ತೆ. ಹತ್ತು ಮೀಟರ್ ಬಿಚ್ಚಿ ಅಳೆದು, 54 ಓಮ್ ಬರಬೇಕಿತ್ತು, 21 ಬಂದಿದೆ ಅಂದೆ. ಅದಕ್ಕೆ ಏನಂದ ಗೊತ್ತಾ? “ಕೊಡಗಲ್ಲಿ ಮಳೆ ಜಾಸ್ತಿ ಅಲ್ವಾ ಸರ್, ತೇವಕ್ಕೆ ವೈರ್ ಹಾಗಾಗುತ್ತೆ.” ನೆನೆದು ಉಬ್ಬೋಕೆ ತಾಮ್ರ ಏನು ಅಕ್ಕಿಯಾ? ಇಲ್ಲಿನ ಮಳೆಗೆ ಆಲ್ನಿಕೋ ರಾಡ್ (ಪಿಕಪ್ ಒಳಗಿನ ಅಯಸ್ಕಾಂತ) ತುಕ್ಕು ಹಿಡಿಯುತ್ತೆ, ಅದು ನಿಜ. ಅದಕ್ಕೇ ಸುತ್ತೋ ಮೊದಲು ರಾಡ್‌ಗೆ ಲ್ಯಾಕರ್ ಬಳೀತೀವಿ, ಇಲ್ಲಾ ತೆಳು ಟೇಪ್ ಸುತ್ತುತೀವಿ. ತಾಮ್ರ ದಪ್ಪ ಆಗಿದ್ದು ಎಲ್ಲೂ ಇಲ್ಲ.

ಕೊನೆಗೆ: “ಸುತ್ತಿದ ಮಾಲು ವಾಪಸ್ ಇಲ್ಲ.” ಸುತ್ತದೆ ಹೇಗಪ್ಪಾ ಗೊತ್ತಾಗೋದು?

ಗೊತ್ತಾಗುತ್ತೆ, ಹೀಗೆ: ಸ್ಪೂಲ್ ಬಂದ ಕೂಡಲೇ ಹತ್ತು ಮೀಟರ್ ಬಿಚ್ಚಿ ಓಮ್ ನೋಡಿ. 50ಕ್ಕಿಂತ ಕೆಳಗಿದ್ರೆ ಬಾಬಿನ್‌ಗೆ ಸುತ್ತದೆ ಹಾಗೇ ವಾಪಸ್ ಕಳಿಸಿ. ಆರ್ಡರ್ ಮಾಡುವಾಗ ಗೇಜ್ ಬೇಡ, 0.063 ಮಿಮೀ ಅಂತಲೇ ಬರೆಸಿಕೊಳ್ಳಿ. ಸಿಗದಿದ್ರೆ ಎಸ್‌ಡಬ್ಲ್ಯುಜಿ 46 ನಡೆಯುತ್ತೆ, 0.061 ಮಿಮೀ. ಅಷ್ಟೇ ಸುತ್ತಿಗೆ ರೆಸಿಸ್ಟೆನ್ಸ್ ಶೇ. 8ರಷ್ಟು ಜಾಸ್ತಿ ಬರುತ್ತೆ, ತೊಂದರೆ ಇಲ್ಲ. ಉದ್ದದಲ್ಲೂ ಮೋಸ ಇದೆ: ಸರಿಯಾದ ವೈರ್ 250 ಗ್ರಾಂಗೆ ಎಂಟೂವರೆ ಕಿಲೋಮೀಟರ್ ಮೇಲೆ ಬರುತ್ತೆ, ಇವನದ್ದು ಮೂರೂವರೆ ಕೂಡ ಇಲ್ಲ.

ಅವನ ಪೇಜಲ್ಲಿ ಇವತ್ತಿಗೂ “ಪಿಕಪ್ ವೈರ್ 42” ಅಂತಲೇ ಇದೆ. ಮಿಮೀ ಹಾಕಿಲ್ಲ. ಕೇಳಿದ ನನ್ನನ್ನ ಬ್ಲಾಕ್ ಮಾಡಿದ್ದಾನೆ.