ಗ್ರಾಫ್ ಹಾಳೆ, ಎಕ್ಸೆಲ್, ಡೇಟಾರ್ಯಾಪರ್, ಫ್ಲರಿಶ್: ತರಗತಿಯಲ್ಲಿ ಯಾವುದಕ್ಕೆ ಎಷ್ಟು ಜಾಗ?

ತುಮಕೂರಿನ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಅಂಕಿಅಂಶವನ್ನು ಚಿತ್ರವಾಗಿಸುವುದನ್ನು ಕಲಿಸುವಾಗ ಗ್ರಾಫ್ ಹಾಳೆ, ಎಕ್ಸೆಲ್, ಬ್ರೌಸರ್‌ನಲ್ಲೇ ಚಾರ್ಟ್ ಮಾಡಿಕೊಡುವ ಡೇಟಾರ್ಯಾಪರ್ ಮತ್ತು ಫ್ಲರಿಶ್, ಈ ನಾಲ್ಕನ್ನೂ ಒಂದೇ ಲೆಕ್ಕಕ್ಕೆ ಹಚ್ಚಿ ನೋಡಿದೆ. 2011ರ ಜನಗಣತಿಯ ಸಾಕ್ಷರತೆ: ತುಮಕೂರು ಜಿಲ್ಲೆ ಶೇ 75.14, ಕೋಲಾರ ಶೇ 74.39, ಚಿಕ್ಕಬಳ್ಳಾಪುರ ಶೇ 69.76.

ಎಕ್ಸೆಲ್ ಕ್ಷಣಾರ್ಧದಲ್ಲಿ ಮೂರು ಕಂಬ ನಿಲ್ಲಿಸಿತು. ಚಿಕ್ಕಬಳ್ಳಾಪುರದ ಕಂಬ ತುಮಕೂರಿನದರ ಅರ್ಧದಷ್ಟೂ ಇರಲಿಲ್ಲ! ಸಂಖ್ಯೆಗಳು ಒಂದಕ್ಕೊಂದು ಹತ್ತಿರವಿದ್ದರೆ ಎಕ್ಸೆಲ್ ಲಂಬ ಅಕ್ಷವನ್ನು ಸೊನ್ನೆಯ ಬದಲು ಅರವತ್ತರಾಚೆ ಎಲ್ಲಿಂದಲೋ ಶುರು ಮಾಡಿಬಿಡುತ್ತದೆ. ಅದನ್ನು ನೋಡಿದ ಹುಡುಗರು ‘ಅಜಗಜಾಂತರ’ ಎಂದು ತಲೆಬರಹ ಕೊಟ್ಟರು. ತಪ್ಪು ಅವರದಲ್ಲ, ಕಂಡದ್ದನ್ನು ಬರೆದರು. ಅಕ್ಷದ ಕನಿಷ್ಠ ಬೆಲೆಯನ್ನು ಸೊನ್ನೆಗೆ ತಂದರೆ ಮೂರೂ ಕಂಬ ಹೆಚ್ಚುಕಡಿಮೆ ಸಮ. ದತ್ತಾಂಶವನ್ನು ಚೊಕ್ಕ ಮಾಡುವುದಕ್ಕೆ ಎಕ್ಸೆಲ್ ಬೇಕೇ ಬೇಕು. ಮೊದಲ ಚಿತ್ರ ಬರೆಸಲು ಬೇಡ.

ಮೊದಲ ಪಾಠಕ್ಕೆ ನನ್ನ ಮತ ಗ್ರಾಫ್ ಹಾಳೆಗೆ. ಒಂದು ಚೌಕ ಎಂದರೆ ಎಷ್ಟು ಎಂಬುದನ್ನು ಅಲ್ಲಿ ವಿದ್ಯಾರ್ಥಿಯೇ ತೀರ್ಮಾನಿಸಬೇಕು. ಬುಡ ಕತ್ತರಿಸಿದರೆ ಏನಾಗುತ್ತದೆಂದು ಪೆನ್ಸಿಲ್ ಹಿಡಿದ ಕೈಗೇ ತಿಳಿಯುತ್ತದೆ. ಜಿಲ್ಲೆಯ ಹತ್ತೂ ತಾಲ್ಲೂಕುಗಳನ್ನು ಬರೆಸಲು ಹೋದರೆ ಮಾತ್ರ ತರಗತಿ ತೂಕಡಿಸುತ್ತದೆ.

ಆ ಹತ್ತಕ್ಕೆ ಡೇಟಾರ್ಯಾಪರ್ ವಾಸಿ. ಎಕ್ಸೆಲ್‌ನ ಕಂಬಗಳ ಕೆಳಗೆ ‘ಚಿಕ್ಕನಾಯಕನಹಳ್ಳಿ’ ಓರೆಯಾಗಿ ನೇತಾಡುತ್ತಿತ್ತು. ಇಲ್ಲಿ ಅಡ್ಡಪಟ್ಟಿಯ ಎಡಕ್ಕೆ ನೇರವಾಗಿ ಕೂತಿತು. ಪಟ್ಟಿಗಳು ಸೊನ್ನೆಯಿಂದಲೇ ಹೊರಡುತ್ತವೆ. ದತ್ತಾಂಶದ ಮೂಲ ನಮೂದಿಸಲು ಬೇರೆಯೇ ಜಾಗವಿದೆ. ಅದನ್ನು ಖಾಲಿ ಬಿಟ್ಟವರಿಗೆ ನಾನು ಅಂಕ ಕೊಡುವುದಿಲ್ಲ. ಖಾತೆ ತೆರೆಯದೆಯೂ ಚಾರ್ಟ್ ಮಾಡಿ ನೋಡಬಹುದಾದ್ದರಿಂದ, ಪಾಸ್‌ವರ್ಡ್ ಮರೆತವರ ಸಾಲನ್ನು ಸಂಭಾಳಿಸುವ ಕೆಲಸವಿಲ್ಲ. ಕೊರತೆ ಮುದ್ರಣದ್ದು: ಉಚಿತವಾಗಿ ಸಿಗುವುದು ಪಿಎನ್‌ಜಿ ಎಂಬ ಚಿತ್ರಕಡತ, ಪುಟವಿನ್ಯಾಸದವರು ಕೇಳುವ ಪಿಡಿಎಫ್‌ಗೆ ಹಣ ತೆರಬೇಕು.

2022ರಲ್ಲಿ ವಿನ್ಯಾಸ ತಂತ್ರಾಂಶದ ಕಂಪನಿ ಕ್ಯಾನ್ವಾದ ಪಾಲಾದ ಫ್ಲರಿಶ್ ವಿದ್ಯಾರ್ಥಿಗಳ ಅಚ್ಚುಮೆಚ್ಚು. ಪಟ್ಟಿಗಳು ಒಂದನ್ನೊಂದು ಹಿಂದಿಕ್ಕಿ ಓಡುವ ಚಿತ್ರ ಕಂಡರೆ ಸಾಕು, ಎಲ್ಲರಿಗೂ ಅದೇ ಬೇಕು. ಒಂದೇ ವರ್ಷದ ಮೂರು ಸಂಖ್ಯೆಗಳು ಓಡುವುದಾದರೂ ಎಲ್ಲಿಗೆ? ವರ್ಷವಾರು ಲೆಕ್ಕ ಕೈಗೆ ಸಿಗುವವರೆಗೆ ಅದನ್ನು ತೆರೆಯಗೊಡುವುದಿಲ್ಲ. ಉಚಿತ ಖಾತೆಯಲ್ಲಿ ಪ್ರಕಟಿಸಿದರೆ ಚಿತ್ರದ ಹಿಂದಿನ ದತ್ತಾಂಶವೂ ಎಲ್ಲರಿಗೂ ತೆರೆದಿರುತ್ತದೆ. ಹಾಗಾಗಿ ಸಮೀಕ್ಷೆಯ ಹಾಳೆಯಲ್ಲಿರುವ ಹೆಸರು, ಮೊಬೈಲ್ ಸಂಖ್ಯೆಗಳ ಕಾಲಂಗಳನ್ನು ಅಳಿಸಿ ತೋರಿಸಿದ ಮೇಲೆಯೇ ಅಪ್‌ಲೋಡ್‌ಗೆ ನನ್ನ ಅನುಮತಿ.