ಊರಿಗೆ ಹೋದಾಗ ಕೆಲಸದ ಬಾಯಿಗೆ (ಮನೆಗೆಲಸದವ್ರಿಗೆ) ಪಗಾರ: ಪೂರ್ತಿನಾ, ಅರ್ಧನಾ, ಕಟ್ಟಾ?

ಮೇ ರಜೆಗೆ ಮುಂಬೈ ಹತ್ರದ ಡೊಂಬಿವಲಿಯಿಂದ 20 ದಿನ ಊರಿಗೆ ಹೋಗ್ತೀವಿ, ಬಾಯಿ ಪಗಾರ ಏನ್ ಮಾಡೋದು ಅಂತ ಕೇಳಿದ್ರಲ್ಲ. ದುಡ್ಡಿನ ಲೆಕ್ಕಕ್ಕೆ ಬಂದ್ರೆ, ತಿಂಗ್ಳಿಗೆ 3000 ಅಂದ್ಕೊಳ್ಳಿ, ಪೂರ್ತಿ ಕಟ್ ಮಾಡಿದ್ರೆ ನಿಮ್ಗೆ 2000 ಉಳಿಯುತ್ತೆ, ಆ ದಿನಗಳಿಗೆ ಅರ್ಧ ಕೊಟ್ರೆ 1000, ಆದ್ರೆ ಅವ್ರ ಖೋಲಿ ಬಾಡಿಗೆ ನಿಮ್ ಜೊತೆ ರಜೆಗೆ ಹೋಗಲ್ವಲ್ಲ, ಅವ್ರು ಬೇರೆ ಮನೆ ಕೆಲಸ ಹಿಡಿದ್ರೆ ವಾಪಸ್ ಬಂದ್ಮೇಲೆ ಹೊಸಬ್ರಿಗೆ ಡಬ್ಬಿ ಎಲ್ಲಿದೆ ಅನ್ನೋದ್ರಿಂದ ಹೇಳ್ಕೊಡ್ಬೇಕು (ನಂಗೆ ಅದೇ ದೊಡ್ಡ ತಲೆನೋವು). ವರ್ಷಗಟ್ಲೆ ಇರೋರು, ಕೀ ಕೊಟ್ಟು ಹೋಗೋಷ್ಟು ನಂಬಿಕೆ ಇದ್ರೆ ಪೂರ್ತಿ ಕೊಡಿ. ಕೆಲಸಕ್ಕೆ ಬಂದು ಎರಡು-ಮೂರು ತಿಂಗ್ಳಷ್ಟೇ ಆಗಿದ್ರೆ ಅರ್ಧ ಮಾತಾಡ್ಕೊಂಡು ಗಿಡಕ್ಕೆ ನೀರು ಹಾಕೋಕೆ ಹೇಳಿ. ಅವ್ರೂ ಅದೇ ಟೈಮಿಗೆ ಗಾಂವ್‌ಗೆ (ಅವ್ರ ಊರಿಗೆ) ಹೋಗ್ತಾರಾ, ದಿನದ ಲೆಕ್ಕದಲ್ಲಿ ಬರೋರಾ, ಮೊದ್ಲೇ ಹೇಳಿದ್ರೆ ಕಟ್ ಮಾಡಿದ್ರೂ ನಡೆಯುತ್ತೆ.