ಕಣ್ಣಲ್ಲೇ ಮಾತು: ಅಕ್ಷರದ ಹಾಳೆ, ಮೊಬೈಲ್ ಆ್ಯಪ್, ಕಣ್ಣಿನ ಕ್ಯಾಮೆರಾ

ಮಂಡ್ಯದಲ್ಲಿರುವ ನಮ್ಮ ಚಿಕ್ಕಪ್ಪನಿಗೆ ಮೋಟಾರ್ ನ್ಯೂರಾನ್ ಕಾಯಿಲೆ, ಅಂದರೆ ನರಗಳು ಸೋತು ಸ್ನಾಯುಗಳು ಒಂದೊಂದಾಗಿ ಕೆಲಸ ನಿಲ್ಲಿಸುವ ಕಾಯಿಲೆ. ಮೊದಲು ಕೈ ಹೋಯಿತು, ಆಮೇಲೆ ಮಾತು. ಈ ಕಾಯಿಲೆಯಲ್ಲಿ ಕಣ್ಣಿನ ಸ್ನಾಯುಗಳು ಸಾಮಾನ್ಯವಾಗಿ ತುಂಬಾ ದಿನ ಕೈಕೊಡುವುದಿಲ್ಲ, ಹಾಗಾಗಿ ಕಣ್ಣನ್ನೇ ನಂಬಿ ಮೂರು ದಾರಿ ನೋಡಿದೆವು. ಈಗಲೇ ಹೇಳಿಬಿಡುತ್ತೇನೆ, ದಿನಾ ಜಾಸ್ತಿ ಬಳಸುವುದು ಎಲ್ಲಕ್ಕಿಂತ ಅಗ್ಗದ್ದನ್ನೇ.

ಅದು ನೂರಡಿ ರಸ್ತೆಯ ಅಂಗಡಿಯಿಂದ ತಂದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಮಾರ್ಕರ್‌ನಲ್ಲಿ ಅಕ್ಷರ ಬರೆದು ಇಬ್ಬರ ಮುಖದ ನಡುವೆ ಹಿಡಿಯುತ್ತೇವೆ, ಅವರ ಕಣ್ಣು ಎಲ್ಲಿ ನಿಂತಿತೋ ಆ ಅಕ್ಷರ. ನಮ್ಮ ವರ್ಣಮಾಲೆ ಇದಕ್ಕೆ ಅಂತಲೇ ಮಾಡಿದ ಹಾಗಿದೆ! ಕ, ಚ, ಟ, ತ, ಪ ಅಂತ 5 ಸಾಲು, ಸಾಲಿಗೆ 5 ಅಕ್ಷರ, ಯ, ರ, ಲ, ವ ಮುಂತಾದವು ಕೊನೆಗೆ. ಕಣ್ಣು ಸೋತಾಗ ನಾವೇ 'ಕ ಸಾಲಾ? ಚ ಸಾಲಾ?' ಅಂತ ಕೇಳುತ್ತಾ ಹೋಗುತ್ತೇವೆ, ಅವರು ರೆಪ್ಪೆ ಮುಚ್ಚಿದಲ್ಲಿ ನಿಲ್ಲುತ್ತೇವೆ. ಕಾಗುಣಿತ ಬೇಡವೇ ಬೇಡ. 'ಕ ಲ ನ ವ' ಅಂದರೆ ಕಾಲು ನೋವು, ಗೊತ್ತಾಗುತ್ತೆ ಅಲ್ವಾ? 'ಬ ಡ' ಅಂದಾಗ ಮಾತ್ರ ಬೇಡವೋ ಬಿಡು ಅನ್ನುತ್ತಿದ್ದಾರೋ ಅಂತ ಚಿಕ್ಕಮ್ಮನಿಗೂ ಗೊಂದಲ. ಕರೆಂಟ್ ಹೋದರೂ ಇದು ನಡೆಯುತ್ತದೆ, ಟಾರ್ಚ್ ಇದ್ದರೆ ಸಾಕು.

ಮೊಬೈಲ್‌ನಲ್ಲಿ ಗೂಗಲ್‌ನ 'ಲುಕ್ ಟು ಸ್ಪೀಕ್' ಹಾಕಿ ನೋಡಿದೆವು. ಉಚಿತ. ವಾಕ್ಯಗಳು ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ಇರುತ್ತವೆ, ಬೇಕಾದ ಕಡೆ ನೋಡುತ್ತಾ ಹೋದರೆ ಪಟ್ಟಿ ಚಿಕ್ಕದಾಗಿ ಕೊನೆಗೆ ಒಂದೇ ಉಳಿಯುತ್ತದೆ. ಬಾಯಾರಿಕೆ, ಮಗ್ಗಲು ಬದಲಿಸಿ, ಇಂಥದ್ದಕ್ಕೆಲ್ಲ ಚೆನ್ನಾಗಿದೆ. ಹೊಸ ಮಾತು ಬಂದರೆ ಮತ್ತೆ ಹಾಳೆಗೇ ಬರಬೇಕು.

ಇನ್ನು ಕ್ಯಾಮೆರಾ. ಲ್ಯಾಪ್‌ಟಾಪ್ ಪರದೆಯ ಕೆಳಗೆ ಕೂರುವ ಪಟ್ಟಿ, ಇನ್‌ಫ್ರಾರೆಡ್ ಬೆಳಕು ಬಿಟ್ಟು ಕಣ್ಣಿನ ಮೇಲಿನ ಹೊಳಪನ್ನೂ ಪಾಪೆಯನ್ನೂ ನೋಡಿ ದೃಷ್ಟಿ ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ತಂತ್ರಾಂಶಕ್ಕೆ ದುಡ್ಡು ಬೇಕಿಲ್ಲ: ಪರದೆಯ ಮೇಲಿನ ಕೀಲಿಗಳನ್ನು ಕಣ್ಣಿಂದಲೇ ಒತ್ತುವ ಆಪ್ಟಿಕೀ 2015ರಿಂದ ಉಚಿತವಾಗಿ ಸಿಗುತ್ತಿದೆ, ವಿಂಡೋಸ್ 10ಕ್ಕೂ 2017ರಲ್ಲಿ ಕಣ್ಣಿನ ನಿಯಂತ್ರಣ ಬಂತು. ದುಡ್ಡು ಹೋಗುವುದು ಯಂತ್ರಕ್ಕೆ. ಎಲ್ಲ ಸೇರಿಸಿ ಮಾರುವ ಸೆಟ್ಟು ಲಕ್ಷಗಳಲ್ಲೇ ಇರುತ್ತದೆ, ನಾವು ಗೇಮ್ ಆಡುವವರ ಅಗ್ಗದ ಕ್ಯಾಮೆರಾ ಹಾಕಿಕೊಂಡೆವು. ಬಿಸಿಲಲ್ಲೂ ಇನ್‌ಫ್ರಾರೆಡ್ ಇರುತ್ತದಲ್ಲ, ಹಾಗಾಗಿ ಜಗಲಿಯಲ್ಲಿ ಕೂರಿಸಿದರೆ ಪರದೆಯ ಮೇಲಿನ ಗುರುತು ಎಲ್ಲೆಲ್ಲೋ ಓಡುತ್ತದೆ. ಕನ್ನಡ ಟೈಪಿಂಗ್ ಇನ್ನೊಂದು ಕಷ್ಟ. 'ಮಂಡ್ಯ' ಬರೆಯೋಕೆ ಮ, ಸೊನ್ನೆ, ಡ, ಒತ್ತಿನ ಕೀಲಿ, ಯ, ಒಟ್ಟು 5 ಕಡೆ ಕಣ್ಣು ನೆಡಬೇಕು. ಅವರು ಸುಮ್ನೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಾರೆ, ಯಂತ್ರ ಅದನ್ನು ಬ್ರಿಟಿಷ್ ದೊರೆಗಳ ಧಾಟಿಯಲ್ಲಿ ಓದುತ್ತದೆ, ಎಲ್ಲರೂ ನಗುತ್ತೇವೆ.

ಇಷ್ಟಾದರೂ ಕ್ಯಾಮೆರಾ ಬಿಡಲಿಲ್ಲ. ಹಾಳೆಯಲ್ಲಿ ಗುಟ್ಟು ಅನ್ನುವುದೇ ಇಲ್ಲ, ಪ್ರತಿ ಮಾತೂ ಇನ್ನೊಬ್ಬರ ಬಾಯಿಂದ ಬರಬೇಕು. ಕ್ಯಾಮೆರಾ ಇದ್ದರೆ ಅವರು ಸಂಜೆ ಮಗಳ ಜೊತೆ ವಾಟ್ಸಾಪ್‌ನಲ್ಲಿ ತಾವೇ ಜಗಳ ಆಡುತ್ತಾರೆ, ಏನು ವಿಷಯ ಅಂತ ನಮಗೆ ಗೊತ್ತಾಗುವುದೇ ಇಲ್ಲ. ದುಡ್ಡು ಕೊಟ್ಟಿದ್ದು ಇದಕ್ಕೆ ಅಂತ ಅಂದುಕೊಂಡಿದ್ದೇನೆ.

ಕೊಳ್ಳುವ ಮುಂಚೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿ ತೋರಿಸಿ. ಮಾರುವವರಿಗೆ ಮನೆಗೇ ಬಂದು, ರೋಗಿ ಮಲಗಿರುವ ಮಂಚದ ಮೇಲೇ ತೋರಿಸಿ ಅನ್ನಿ. ಕುರ್ಚಿಯಲ್ಲಿ ನೆಟ್ಟಗೆ ಕೂತವರಿಗೆ ಸಲೀಸಾಗಿ ನಡೆಯುವುದು ಒರಗಿ ಮಲಗಿದವರಿಗೆ ನಡೆಯುತ್ತದೆ ಅಂತೇನಿಲ್ಲ. ಮಂಚಕ್ಕೆ ಕಟ್ಟುವ ಸ್ಟ್ಯಾಂಡ್‌ಗೆ ಬೇರೆ ದುಡ್ಡು ಕೇಳುತ್ತಾರೆ, ಅದು ಎಷ್ಟು ಅಂತಲೂ ಆಗಲೇ ಕೇಳಿಕೊಳ್ಳಿ.